ಅಕ್ಕನ ‘ಬರ್ತೀನಿ’

ಕೊರಿಯಾ ನೋಡಬೇಕೆಂಬ ಆಸೆ ನನಗೆ ಇರಲಿಲ್ಲ. ನನ್ನ ಅಕ್ಕನಿಗಂತೂ ಆ ದೇಶ ಯಾವ ದಿಕ್ಕಿಗಿದೆ ಎನ್ನುವುದೇ ಗೊತ್ತಿರಲಿಲ್ಲ. ಹೊಸಕೋಟೆಯಲ್ಲಿ ನನ್ನದೊಂದು ಪ್ಲೈವುಡ್ ಅಂಗಡಿ ಇದೆ. ಆ ವರ್ಷ ಹೇಗೋ ಕಂಪನಿಯವರು ಹೇಳಿದಷ್ಟು ಮಾಲು ಮಾರಿಬಿಟ್ಟಿದ್ದೆ. ಅದಕ್ಕೆ ಬಹುಮಾನ, ಇಬ್ಬರಿಗೆ ಆರು ದಿನದ ಫಾರಿನ್ ಟೂರು. ಹಿಂದಿನ ಸಲ ಬ್ಯಾಂಕಾಕಿಗೆ ಕರೆದೊಯ್ದವರು ಈ ಸಲ ಕೊರಿಯಾ ಎಂದರು. ನನ್ನ ಹೆಂಡತಿಗೆ ವಿಮಾನ ಎಂದರೆ ಕೂತಲ್ಲೇ ಹೊಟ್ಟೆ ತೊಳಸುತ್ತದೆ. “ನಿಮ್ಮ ಅಕ್ಕನ್ನ ಕರ್ಕೊಂಡು ಹೋಗಿ, ಅವರು ಎಲ್ಲಿ ಏನ್ ನೋಡವ್ರೆ ಪಾಪ” ಎಂದಳು. ನಾನು ಎರಡನೆಯ ಮಾತಿಲ್ಲದೆ ಒಪ್ಪಿಕೊಂಡೆ. ಇಂಥ ತಮ್ಮ ಎಲ್ಲರಿಗೂ ಸಿಗಬೇಕು ಎಂದು ನೆಂಟರು ಹೊಗಳಿದರು. ಸುಮ್ಮನೆ ಹೊಗಳಿಸಿಕೊಂಡೆ.

ಪ್ರೀತಿ ಇರಲಿಲ್ಲ ಎಂದಲ್ಲ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ತಾನೂ ಬೆಳೆದವಳು. ಆದರೆ ಆ ಪ್ರೀತಿಯ ಜೊತೆಗೆ ನನ್ನ ಸೂಟ್‌ಕೇಸಿನಲ್ಲಿ, ಇಸ್ತ್ರಿ ಮಾಡಿದ ಷರ್ಟುಗಳ ಕೆಳಗೆ, ಕಂದು ಬಣ್ಣದ ಒಂದು ಕವರೂ ಇತ್ತು. ಜಡಿಗೇನಹಳ್ಳಿಯಲ್ಲಿರುವ ನಮ್ಮ ಅಪ್ಪನ ಮನೆಯಲ್ಲಿ ತನಗಿರುವ ಹಕ್ಕನ್ನು ಅಕ್ಕ ನನಗೆ ಬಿಟ್ಟುಕೊಡುವ ಪತ್ರದ ಕರಡು ಅದರಲ್ಲಿತ್ತು. ಹಳೆಯ ಕಾಲದ ತೊಟ್ಟಿ ಮನೆ ಅದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಬೀಗ ಬಿದ್ದಿದೆ. ಅದನ್ನು ಕೆಡವಿ ಕೆಳಗೆ ನನ್ನ ಅಂಗಡಿಗೊಂದು ಗೋಡೌನು, ಮೇಲೆ ಫ್ಯಾಕ್ಟರಿ ಕೆಲಸಗಾರರಿಗೆ ಬಾಡಿಗೆ ಮನೆಗಳು ಕಟ್ಟಬೇಕೆಂದು ಪ್ಲಾನು ಬರೆಸಿಟ್ಟಿದ್ದೆ. ಅಕ್ಕ ಸೈನ್ ಹಾಕದೆ ಒಂದು ಹೆಂಚನ್ನೂ ಅಲುಗಿಸುವಂತಿರಲಿಲ್ಲ. ಎರಡು ಸಲ ಮಾತು ತೆಗೆದಿದ್ದೆ. ಎರಡು ಸಲವೂ ಅವಳು “ಸಾರಿಗೆ ಉಪ್ಪು ಸರಿಯಾಗೈತಾ” ಎಂದು ಬೇರೆ ಕಡೆ ಹೊರಳಿಸಿದ್ದಳು. ಕಾಣದ ದೇಶದಲ್ಲಿ, ನಾನೊಬ್ಬನೇ ದಿಕ್ಕಾಗಿರುವಾಗ ಕೇಳಿದರೆ ಇಲ್ಲವೆನ್ನಲಾರಳು ಎಂದು ನನ್ನ ವ್ಯಾಪಾರದ ಬುದ್ಧಿ ಹೇಳಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೊದಲ ಮೂರು ದಿನ ನಮಗೆ ಎತ್ತರದ ಕಟ್ಟಡಗಳನ್ನೂ ಗಾಜಿನ ಗೋಡೆಯ ಹಿಂದಿನ ಮೀನುಗಳನ್ನೂ ತೋರಿಸಿದರು. ಅಕ್ಕ ಎಲ್ಲವನ್ನೂ ಯಾರದೋ ಮದುವೆಗೆ ಬಂದವಳ ಹಾಗೆ ಮರ್ಯಾದೆಯಿಂದ ನೋಡಿದಳು. ಸ್ವೆಟರಿನ ಮೇಲೆ ಸೆರಗು ಹೊದ್ದು, ಕಾಲುಚೀಲದ ಮೇಲೆ ಚಪ್ಪಲಿ ಹಾಕಿ, ಸೂಲಿಬೆಲೆ ಸಂತೆಗೆ ಒಯ್ಯುವ ವೈರ್ ಬ್ಯಾಗನ್ನು ಕೈಯಲ್ಲಿ ಹಿಡಿದು ನನ್ನ ಹಿಂದೆ ಬರುತ್ತಿದ್ದಳು. ಸೂಲಿಬೆಲೆ ಹತ್ತಿರದ ಹಳ್ಳಿ ಅವಳ ಗಂಡನ ಊರು. ಭಾವ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಅಲ್ಲೇ ಇದ್ದಾಳೆ. ಏನಾದರೂ ಬೇಕಾ ಅಕ್ಕ ಎಂದು ಕೇಳಿದರೆ “ನಂಗೇನ್ ಬೇಕಪ್ಪ” ಎನ್ನುವುದು ಬಿಟ್ಟರೆ ಆ ಮೂರು ದಿನ ಅವಳು ಹೆಚ್ಚು ಮಾತಾಡಲಿಲ್ಲ. ಕವರು ಸೂಟ್‌ಕೇಸಿನಲ್ಲೇ ಉಳಿಯಿತು.

ನಾಲ್ಕನೆಯ ದಿನ ಬೆಳಗ್ಗೆ ಹಳೆಯ ಮನೆಗಳ ಊರೊಂದಕ್ಕೆ ಹೊರಟೆವು. ನವೆಂಬರ್ ತಿಂಗಳು. ಬೆಟ್ಟದ ಬುಡದಲ್ಲಿ ಬಸ್ಸು ನಿಂತಾಗ ಮಂಜು ಇನ್ನೂ ಎದ್ದಿರಲಿಲ್ಲ. ನಂದಿಬೆಟ್ಟದ ಮಂಜು ಒಮ್ಮೊಮ್ಮೆ ದೇವನಹಳ್ಳಿ ರಸ್ತೆಯವರೆಗೂ ಇಳಿದುಬಂದು ಮುಂದಿನ ಲಾರಿಯನ್ನೂ ಕಾಣದಂತೆ ಮಾಡುತ್ತದಲ್ಲ, ಅಂಥದೇ. ಅದರೊಳಗಿಂದ ಮೊದಲು ಕರಿ ಹೆಂಚುಗಳು ಕಂಡವು, ಆಮೇಲೆ ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಬಾಗಿದ ಸೂರು, ಆಮೇಲೆ ಮಣ್ಣಿನ ಗೋಡೆ. ಎಲೆಯೆಲ್ಲ ಉದುರಿದ ಮರಗಳಲ್ಲಿ ಕಿತ್ತಳೆ ಬಣ್ಣದ ಹಣ್ಣುಗಳು ಮಾತ್ರ ನೇತಾಡುತ್ತಿದ್ದವು. ಕಲ್ಲು ಹಾಸಿನ ಓಣಿಯ ಉದ್ದಕ್ಕೂ ಹಳದಿ ಎಲೆಗಳು ಬಿದ್ದಿದ್ದವು, ಯಾರೂ ಗುಡಿಸಿರಲಿಲ್ಲ. ಎಲ್ಲಿಂದಲೋ ಸೌದೆ ಉರಿಯುವ ವಾಸನೆ ಬರುತ್ತಿತ್ತು. ನನ್ನ ಹಾಗೇ ಬಹುಮಾನ ಗೆದ್ದು ಬಂದು, ಬಸ್ಸಿನಲ್ಲಿ ಅಷ್ಟೊತ್ತು ಗಲಾಟೆ ಮಾಡುತ್ತಿದ್ದ ಡೀಲರುಗಳು ಫೋನು ಹೊರತೆಗೆದರು. ಅಕ್ಕ ಬ್ಯಾಗನ್ನು ಕೈ ಬದಲಿಸಿಕೊಂಡು, ಮೂಗೆಳೆದು, “ಯಾರೋ ಹಂಡೆ ಒಲೆ ಹಚ್ಚವ್ರೆ” ಎಂದಳು.

ನಮ್ಮ ಗೈಡು ಅಲ್ಲಿಯದೇ ಒಬ್ಬ ಹುಡುಗಿ, ಇಪ್ಪತ್ತೈದು ದಾಟಿರಲಾರದು. ಅವಳ ಇಂಗ್ಲಿಷ್ ಅವಳದು, ನನ್ನ ಇಂಗ್ಲಿಷ್ ನನ್ನದು. ನಡುವೆ ಹೇಗೋ ಅರ್ಥವಾಗುತ್ತಿತ್ತು. ಇಂಥ ಮನೆಗೆ ಹಾನೋಕ್ ಎನ್ನುತ್ತಾರಂತೆ. ಒಂದು ಕಾಲಕ್ಕೆ ಜನ ಬಿಟ್ಟುಹೋಗಿ ಇಲ್ಲಿನ ಮನೆಗಳು ಕುಸಿಯುತ್ತಿದ್ದವಂತೆ. ಆಮೇಲೆ ಒಂದೊಂದು ಕಂಬ, ಒಂದೊಂದು ತೊಲೆಗೂ ನಂಬರು ಬರೆದು ಬಿಚ್ಚಿ, ಕೆಟ್ಟುಹೋದದ್ದನ್ನು ಮಾತ್ರ ಬದಲಾಯಿಸಿ, ಇದ್ದ ಹಾಗೇ ಮತ್ತೆ ನಿಲ್ಲಿಸಿದರಂತೆ. “ಏನಂತೋ?” ಎಂದು ಅಕ್ಕ ಕೇಳಿದಳು. “ಹಳೇ ಮನೆಗಳಂತೆ” ಎಂದೆ. ಅಷ್ಟು ಉದ್ದದ ಮಾತಿಗೆ ಇಷ್ಟೇನಾ ಎಂಬಂತೆ ಅವಳು ನನ್ನ ಮುಖ ನೋಡಿದಳು.

ಉಳಿದವರೆಲ್ಲ ಬಾಡಿಗೆ ಬಟ್ಟೆ ತೊಟ್ಟು ಫೋಟೋ ತೆಗೆಸಿಕೊಳ್ಳಲು ಹೋದರು. ನೆಲಮಂಗಲದ ಡೀಲರೊಬ್ಬರು ಅಲ್ಲಿನ ಜಮೀನ್ದಾರರ ಕರಿ ಟೋಪಿ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕನಿಗೆ ಮಂಡಿ ನೋವು. ಅದಕ್ಕೆ ಗೈಡು ಹುಡುಗಿ ನಮ್ಮಿಬ್ಬರನ್ನು ಓಣಿಯ ಕೊನೆಯ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಅಜ್ಜಿ ಬಂದವರನ್ನು ಕೂರಿಸಿ ಚಹಾ ಕೊಡುತ್ತಾರಂತೆ. ಬೇರೆಯವರೆಲ್ಲ ಊರು ಬಿಟ್ಟಾಗಲೂ ಅವರು ಬಿಡದೆ ಉಳಿದವರಂತೆ.

ಬಾಗಿಲ ಹತ್ತಿರ ಅಕ್ಕ ಚಪ್ಪಲಿ ಬಿಟ್ಟಳು. ಹೊಸಿಲನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಅದನ್ನು ತುಳಿಯದೆ ದಾಟಿ ಒಳಗೆ ಹೋದಳು. ಇದೆಲ್ಲ ಅವಳು ಯೋಚಿಸಿ ಮಾಡಿದ್ದಲ್ಲ. ಒಳಗಿದ್ದ ಅಜ್ಜಿ ಅದನ್ನು ನೋಡಿ ಗೈಡಿಗೆ ಏನೋ ಹೇಳಿದರು. ಇಲ್ಲೂ ಹೊಸಿಲು ತುಳಿಯಬಾರದಂತೆ, ಈಗಿನ ಹುಡುಗರಿಗೆ ಹೇಳಿ ಹೇಳಿ ಸಾಕಾಗಿದೆಯಂತೆ. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಬೆನ್ನು ಬಾಗಿತ್ತು. ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಅಕ್ಕನನ್ನು ನೋಡಿದರು.

ಎಣ್ಣೆ ಹಚ್ಚಿದ ಹಳದಿ ಬಣ್ಣದ ಕಾಗದ ಹಾಸಿದ ನೆಲದ ಮೇಲೆ ತೆಳ್ಳನೆಯ ದಿಂಬುಗಳು. ಕೂತ ಕೂಡಲೇ ಅಕ್ಕ ಅಂಗೈಯನ್ನು ನೆಲಕ್ಕೆ ಊರಿ ತಡವಿದಳು.

“ಈಗ ತಾನೇ ಯಾರೋ ಮಲಗೆದ್ದು ಹೋದಂಗೆ ಬೆಚ್ಚಗೈತೆ ಕಣೋ.”

ಅಡುಗೆಮನೆಯ ಒಲೆಯ ಬಿಸಿ ನೆಲದಡಿಯ ಕಲ್ಲುಗಳ ಸಂದಿಯಲ್ಲಿ ಹಾದು ಹೋಗುವ ಏರ್ಪಾಡು ಅದು. ಈಗ ಕಲ್ಲಿನ ಬದಲು ಬಿಸಿನೀರಿನ ಪೈಪು ಹಾಕಿದ್ದಾರೆಂದು ಗೈಡು ಮೆಲ್ಲನೆ ಒಪ್ಪಿಕೊಂಡಳು. ಅಕ್ಕನಿಗೆ ಅದನ್ನೂ ಹೇಳಲಿಲ್ಲ. ನಾನು ನನ್ನ ಕಸುಬಿನ ಕಣ್ಣಿನಲ್ಲಿ ಮರ ನೋಡುತ್ತಿದ್ದೆ. ತೊಲೆಗೂ ಕಂಬಕ್ಕೂ ಒಂದು ಮೊಳೆ ಇರಲಿಲ್ಲ, ಒಂದಕ್ಕೊಂದು ಬೆರಳು ಹೆಣೆದ ಹಾಗೆ ಕೂತಿದ್ದವು. ಒಂದು ಕಂಬದ ಬುಡ ಕೊಳೆತಿತ್ತೋ ಏನೋ, ಮೊಳದುದ್ದ ಕತ್ತರಿಸಿ ಬಿಳಿಯ ಹೊಸ ಮರ ಜೋಡಿಸಿದ್ದರು. ಮುಚ್ಚಿಡಲು ಬಣ್ಣ ಬಳಿದಿರಲಿಲ್ಲ. ಅಕ್ಕನ ಕಣ್ಣಿಗೆ ಅದು ಬೀಳದಿರಲಿ ಎಂದುಕೊಂಡೆ. ಬಿತ್ತು.

“ಅಗೋ, ಕಂಬಕ್ಕೆ ಬೇರೆ ಕಾಲು ಕೊಟ್ಟವ್ರೆ. ನಮ್ಮ ತೊಟ್ಟಿ ಕಂಬಕ್ಕೂ ಅಷ್ಟೇ ಉದ್ದ ಹುಳ ಹಿಡ್ದೈತೆ.”

ನಾನು ಚಹಾ ಹೀರಿದೆ. ಅದು ಚಹಾದ ಹಾಗಿರಲಿಲ್ಲ, ಹುರಿದ ಅಕ್ಕಿ ನೆನೆಹಾಕಿದ ನೀರಿನ ಹಾಗಿತ್ತು. ಸಕ್ಕರೆ ಇಲ್ಲ, ಹಾಲಿಲ್ಲ. ಆದರೂ ಕುಡಿಯುತ್ತಾ ಹೋದಂತೆ ಮೈಯೆಲ್ಲ ಸಡಿಲವಾಯಿತು. ಹೊರಗೆ ಮಂಜು ಕರಗಿ ಬಿಸಿಲು ಬಂದಿರಬೇಕು, ಕಾಗದ ಅಂಟಿಸಿದ ಬಾಗಿಲುಗಳಲ್ಲಿ ಹಾಲಿನ ಕೆನೆಯಂಥ ಬೆಳಕು ತುಂಬಿಕೊಂಡಿತು. ಬಾಗಿಲಿನ ಮೇಲೆ ಒಂದು ಕೊಂಬೆಯ ನೆರಳು, ಅದರ ತುದಿಯಲ್ಲಿ ಒಂದು ಹಕ್ಕಿಯ ನೆರಳು. ಗೋಡೆಗೊರಗಿ ಕಣ್ಣು ಮುಚ್ಚಿದೆ.

ನಿದ್ದೆಯೋ ಎಚ್ಚರವೋ ಹೇಳಲಾರೆ. ಅಂಗಳದಲ್ಲಿ ಅಕ್ಕನೂ ಅಜ್ಜಿಯೂ ಮಾತಾಡುತ್ತಿರುವುದು ಕೇಳುತ್ತಿತ್ತು. ಅಲ್ಲಿ ಸಾಲಾಗಿ ದೊಡ್ಡ ದೊಡ್ಡ ಜಾಡಿಗಳಿದ್ದವು. ಅಕ್ಕ ಕನ್ನಡದಲ್ಲಿ “ಇದ್ರಾಗೇನ್ ಹಾಕಿದೀಯವ್ವ, ಮಾವಿನಕಾಯಾ” ಎನ್ನುತ್ತಿದ್ದಳು. ಅಜ್ಜಿ ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಉತ್ತರ ಕೊಡುತ್ತಿದ್ದರು. ಮುಚ್ಚಳ ತೆಗೆದ ಸದ್ದು. “ಉಪ್ಪು ಜಾಸ್ತಿ ಹಿಡಿದೈತೆ, ಕೆಡಲ್ಲ ಬಿಡು.” ಮತ್ತೆ ಅಜ್ಜಿಯ ಮಾತು, ಇಬ್ಬರ ನಗು. ನಾನು ಜಡಿಗೇನಹಳ್ಳಿಯ ಪಡಸಾಲೆಯಲ್ಲಿ ಮಲಗಿದ್ದೆ. ತೊಟ್ಟಿಯೊಳಗೆ ಬಿಸಿಲು ಇಳಿಯುತ್ತಿತ್ತು. ಅಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು, ಅಕ್ಕ ಎರಡು ಜಡೆಯ ಹುಡುಗಿ, ನನ್ನನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಅಷ್ಟು ಸುಖವಾಗಿ ಮಲಗಿರಲಿಲ್ಲ.

ಬಸ್ಸಿನ ಹಾರನ್ನಿಗೆ ಎಚ್ಚರವಾಯಿತು. ಹೊರಡುವ ಹೊತ್ತು. ಅವರಿಬ್ಬರೂ ಒಳಗೆ ಬಂದಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಅಜ್ಜಿಗೆ ಕೈ ಮುಗಿದು, “ಬರ್ತೀನಮ್ಮ” ಎಂದಳು.

ಅಜ್ಜಿ ಗೈಡಿನ ಕಡೆ ನೋಡಿದರು, ಗೈಡು ನನ್ನ ಕಡೆ ನೋಡಿದಳು. ಅರ್ಧ ನಿದ್ದೆಯಲ್ಲಿದ್ದ ನಾನು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ಎತ್ತಿಹಾಕಿದೆ. “ಶಿ ಈಸ್ ಸೇಯಿಂಗ್, ಐ ಆಮ್ ಕಮಿಂಗ್.” ಗೈಡು ಹುಬ್ಬೇರಿಸಿ ಅದನ್ನು ಅಜ್ಜಿಗೆ ದಾಟಿಸಿದಳು. ಅಜ್ಜಿಯ ಮುಖ ಅರಳಿತು. ಎತ್ತಿಟ್ಟಿದ್ದ ದಿಂಬನ್ನು ಮತ್ತೆ ಹಾಕಿ, ಅದನ್ನು ಕೈಯಿಂದ ತಟ್ಟಿ, ಲೋಟಕ್ಕೆ ಚಹಾ ಬಗ್ಗಿಸಿದರು.

ಅಕ್ಕ ನನ್ನ ಕಿವಿಯಲ್ಲಿ, “ಇನ್ನೊಂದ್ಸಲ ಕುಡೀದೆ ಕಳ್ಸಲ್ಲ ಅನ್ಸುತ್ತೆ, ಇವರ ಪದ್ಧತಿಯೇನೋ” ಎಂದು ಕೂತು ಕುಡಿದಳು. ಎದ್ದಳು. ಕೈ ಮುಗಿದಳು. “ಬರ್ತೀನಮ್ಮ.” ನಾನು ಮತ್ತೆ “ಕಮಿಂಗ್” ಎಂದೆ. ಈ ಸಲ ಚಹಾದ ಜೊತೆಗೆ ಅಕ್ಕಿಹಿಟ್ಟಿನ ಸಿಹಿಯ ತಟ್ಟೆಯೂ ಬಂತು. ಅಕ್ಕ ಹೆದರಿಕೆಯಿಂದಲೇ ಒಂದು ತಿಂದಳು. ಬಸ್ಸು ಮತ್ತೆ ಹಾರನ್ ಮಾಡಿತು. ಮೂರನೆಯ ಸಲ ಅವಳು ಎದ್ದು “ಬರ್ತೀನವ್ವ, ಹೊತ್ತಾಯ್ತು” ಎಂದಾಗ ಗೈಡು ನನ್ನ ತೋಳು ಹಿಡಿದು ಕೇಳಿಯೇಬಿಟ್ಟಳು. ನಿಮ್ಮ ಅಕ್ಕ ಹೋಗುತ್ತಿದ್ದಾರೋ, ಬರುತ್ತಿದ್ದಾರೋ?

ಆಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನುವುದಿಲ್ಲ, ಅದು ಮತ್ತೆ ಬರದವರ ಮಾತು, ಹೋಗುವಾಗಲೂ ‘ಬರ್ತೀನಿ’ ಎಂದೇ ಅನ್ನಬೇಕು ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳೂ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ತನ್ನ ಅಮ್ಮನಿಗೆ ‘ಹೋಗಿ ಬರ್ತೀನಿ’ ಎಂದೇ ಹೇಳಿ ಬರುತ್ತಾಳಂತೆ, ಅವರ ಭಾಷೆಯಲ್ಲಿ ಅದಕ್ಕೇ ಒಂದು ಮಾತಿದೆಯಂತೆ. ಆದರೆ ಅದನ್ನು ಸ್ವಂತ ಮನೆಯವರು ಮಾತ್ರ ಹೇಳುವುದು. ಬಂದ ನೆಂಟರು ಹೊರಡುವಾಗ ಅದನ್ನು ಹೇಳುವುದಿಲ್ಲ. ಅವರು ‘ಚೆನ್ನಾಗಿರಿ’ ಎಂದು ಹೇಳಿ ಹೋಗುತ್ತಾರೆ.

ಇದನ್ನೆಲ್ಲ ಅವಳು ಅಜ್ಜಿಗೆ ಹೇಳಿದಳು. ಅಜ್ಜಿ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಕೈಲಿದ್ದ ತಟ್ಟೆ ಕೆಳಗಿಟ್ಟು, ನಿಧಾನವಾಗಿ ಎದ್ದು, ಅಕ್ಕನ ಜೊತೆ ಬಾಗಿಲವರೆಗೂ ಬಂದರು. ಅಕ್ಕ ಹೊಸಿಲು ದಾಟಿ ಚಪ್ಪಲಿ ಮೆಟ್ಟುವಾಗ ಅವಳ ಬೆನ್ನ ಮೇಲೆ ಕೈಯಿಟ್ಟು, “ತನ್ಯೊ ವಾ” ಎಂದರು.

ಗೈಡು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ಕಡೆ ತಿರುಗಿದಳು. ಹೊಸಕೋಟೆ ಸಂತೆಗೆ ತಮಿಳರು ಬರುತ್ತಾರೆ, ‘ವಾ’ ಎಂದರೆ ಬಾ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. “ಹೋಗ್ಬಿಟ್ಟು ಬಾ ಅಂತಿದಾರೆ ಕಣೋ” ಎಂದಳು. ಗೈಡು ಹೌದೆಂದು ತಲೆ ಆಡಿಸಿದಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಓಣಿಗೆ ಇಳಿದುಬಿಟ್ಟಳು.

ಓಣಿಯ ತಿರುವಿನಲ್ಲಿ ಒಂದು ಕಲ್ಲಿನ ಕಟ್ಟೆಯ ಮೇಲೆ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ. ಮಂಡಿ ನೋವಾ ಎಂದು ಕೇಳಿದೆ. ನನಗೆ ಅಷ್ಟೇ ತೋಚಿದ್ದು.

“ಅಮ್ಮ ಹೋದಮೇಲೆ ನಂಗ್ಯಾರೂ ಆ ಮಾತು ಹೇಳಿಲ್ಲ ಕಣೋ” ಎಂದಳು. “ತಿಂಗಳಿಗೊಂದ್ಸಲ ಜಡಿಗೇನಳ್ಳಿಗೆ ಹೋಗ್ತೀನಲ್ಲ. ಬಾಗ್ಲು ತೆಗ್ದು, ಕಸ ಗುಡ್ಸಿ, ದೇವರ ಮುಂದೆ ದೀಪ ಹಚ್ಚಿ, ಜಗಲಿ ಮೇಲೆ ಸ್ವಲ್ಪ ಹೊತ್ತು ಕೂತ್ಕೊಂಡಿರ್ತೀನಿ. ಆಮೇಲೆ ಬೀಗ ಹಾಕ್ತಾ ಬರ್ತೀನಿ ಅಂತೀನಿ. ಅಭ್ಯಾಸ. ಹೋಗ್ಬಿಟ್ಟು ಬಾ ಅನ್ನೋಕೆ ಒಳಗೆ ಯಾರವ್ರೆ? ಒಂದ್ ಗಳಿಗೆ ನಿಂತಿರ್ತೀನಿ, ಆಮೇಲೆ ಬಸ್ಸಿಗೆ ಹೊರಡ್ತೀನಿ.”

ಮನೆ ಗುಡಿಸಲು ಅವಳು ಹೋಗುತ್ತಾಳೆಂದು ನನಗೆ ಗೊತ್ತಿತ್ತು. ವಯಸ್ಸಾದವರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡಿದ್ದೆ. ಹೊಸಕೋಟೆಯಲ್ಲಿ ಬಸ್ಸು ಬದಲಿಸುವಾಗ ನನ್ನ ಅಂಗಡಿಗೆ ಬಂದು ನಿಲ್ಲುತ್ತಿದ್ದಳು, ಹೊರಡುವಾಗ ‘ಬರ್ತೀನಪ್ಪ’ ಎನ್ನುತ್ತಿದ್ದಳು. ನಾನು ಗಿರಾಕಿಯ ಜೊತೆ ಮಾತಾಡುತ್ತಲೇ ಒಂದು ‘ಹ್ಞೂಂ’ ಹಾಕುತ್ತಿದ್ದೆ.

ಆ ಕಟ್ಟೆಯ ಮೇಲೆ ನಾನು ಕವರಿನ ವಿಷಯ ಹೇಳಿಬಿಟ್ಟೆ. ಅವಳನ್ನು ಯಾಕೆ ಕರೆದುಕೊಂಡು ಬಂದೆ, ಎಲ್ಲ ಹೇಳಿದೆ. ಗೈಡು ಬೆಳಗ್ಗೆ ಏನು ಹೇಳಿದಳೆಂಬುದನ್ನೂ ಹೇಳಿದೆ. ಬೈಯಲಿ ಎಂದು ಆಸೆಯಾಯಿತು.

ಅಕ್ಕ ಕಣ್ಣೊರೆಸಿಕೊಂಡಳು. “ಪಾಸ್‌ಪೋರ್ಟಿಗೆ ಫೋಟೋ ತೆಗೆಸ್ವಾಗ್ಲೇ ಗೊತ್ತಾಯ್ತು ಬಿಡು. ಕೆಲ್ಸ ಇಲ್ದೆ ನೀನು ನನ್ನ ಕೈ ಹಿಡ್ಕೊಂಡು ರಸ್ತೆ ದಾಟ್ಸೋನಲ್ಲ.” ಜಾರಿದ್ದ ಕಾಲುಚೀಲವನ್ನು ಮೇಲಕ್ಕೆ ಎಳೆದುಕೊಂಡು, “ಹಾಕ್ತೀನಿ ಸೈನು. ನಿನಗಿಂತ ಆ ಕಂಬ ಹೆಚ್ಚಾ ನಂಗೆ?” ಎಂದಳು. ಹಳದಿ ಎಲೆಯೊಂದನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದಳು.

ಬೇಡ ಎಂದು ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅವಳೇ ಒಪ್ಪಿದ್ದಾಳಲ್ಲ ಎಂದು ಒಳಗೊಳಗೇ ಹಗುರಾದೆ. ಊರಿಗೆ ಬಂದ ಮೂರನೆಯ ವಾರ ಹೊಸಕೋಟೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೋ, ಸೈನು ಎಲ್ಲ ಮುಗಿಯಿತು. ಅಕ್ಕ ತನ್ನ ಹೆಸರನ್ನು ಒಂದೊಂದೇ ಅಕ್ಷರ ಜೋಡಿಸಿ ಬರೆದಳು. ಮುಂದಿನ ಸೋಮವಾರಕ್ಕೆ ಜೆಸಿಬಿಯವನಿಗೆ ಹೇಳಿಟ್ಟಿದ್ದೆ. ಕಚೇರಿಯಿಂದ ಹೊರಗೆ ಬಂದಾಗ, ಒಂದು ಸಲ ಮನೆಗೆ ಕರೆದುಕೊಂಡು ಹೋಗು ಎಂದಳು.

ಜಡಿಗೇನಹಳ್ಳಿಯಲ್ಲಿ ಅವಳು ಎಂದಿನಂತೆ ಬಾಗಿಲು ತೆಗೆದು ಕಸ ಗುಡಿಸಿದಳು. ನಾಲ್ಕು ದಿನದಲ್ಲಿ ಬೀಳುವ ಮನೆಗೆ ಯಾಕಕ್ಕ ಎಂದು ಕೇಳಲು ಬಾಯಿ ಬರಲಿಲ್ಲ. ತೊಟ್ಟಿಯ ಸುತ್ತ ಒಂದು ಸುತ್ತು ನಡೆದಳು. ದೀಪ ಹಚ್ಚಿದಳು, ಅದು ತಾನಾಗಿ ಆರುವವರೆಗೂ ಕೂತಿದ್ದಳು. ಆಮೇಲೆ ಹೊರಗೆ ಬಂದು, ಬೀಗ ಹಾಕಿ, ಕೀಲಿಯನ್ನು ನನ್ನ ಕೈಗಿಟ್ಟಳು.

“ಹೋಗ್ತೀನಿ ಕಣೋ” ಎಂದಳು.

ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿದವನಲ್ಲ. ಭಾವ ಸತ್ತ ವರ್ಷ ಯಾವುದೋ ಜಗಳದಲ್ಲಿ ಅಮ್ಮನ ಮೇಲೆ ಸಿಟ್ಟುಮಾಡಿಕೊಂಡು ಹೊರಟಾಗಲೂ ಅವಳು ‘ಬರ್ತೀನಿ’ ಎಂದೇ ಹೋಗಿದ್ದಳು. ಅವಳ ಕೈ ಹಿಡಿದುಕೊಂಡೆ.

“ಬರ್ತೀನಿ ಅನ್ನಕ್ಕ.”

“ಎಲ್ಲಿಗಪ್ಪಾ ಬರ್ಲಿ?” ಎಂದಳು. ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ದಾರಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

“ನಮ್ಮನೆಗೆ” ಎಂದೆ. ಹೊಸಕೋಟೆಯ ನನ್ನ ಮನೆಗೆ.

“ಅಲ್ಲಿಗೆ ಬಂದೇ ಬರ್ತೀನಿ. ನೆಂಟ್ರಂಗೆ” ಎಂದು ನನ್ನ ಕೆನ್ನೆ ಸವರಿ ಕಾರಿನಲ್ಲಿ ಕೂತಳು.

ಆ ಸಂಜೆಯೇ ಜೆಸಿಬಿಯವನಿಗೆ ಫೋನ್ ಮಾಡಿ ಬರಬೇಡ ಎಂದೆ. ಗೋಡೌನಿನ ಪ್ಲಾನನ್ನು ಬೀರುವಿಗೆ ಹಾಕಿದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು, ಆಮೇಲೆ ತಾನಾಗಿ ಸರಿಹೋದಳು. ಊರಿನ ಬಡಗಿಯೊಬ್ಬರನ್ನು ಹಿಡಿದು, ಹುಳ ಹಿಡಿದ ಕಂಬದ ಬುಡ ಕತ್ತರಿಸಿ ಹೊಸ ಮರ ಕೂರಿಸಿದ್ದಾಯಿತು. ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. “ಒಳ್ಳೇದಾಯ್ತು ಬಿಡಪ್ಪ” ಎಂದಳು. ಯಾವಾಗ ಬರ್ತೀಯಾ ಎಂದರೆ, ನೋಡೋಣ ಎಂದಳು.

ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದುಕೊಂಡು ಅವಳ ಊರಿಗೆ ಹೋದೆ. ಹೊರಡುವಾಗ ಬಾಗಿಲವರೆಗೂ ಬಂದು “ಹೋಗ್ಬಿಟ್ಟು ಬಾ” ಎಂದಳು. ಯುಗಾದಿಗೂ ಹೋದೆ, ಆಗಲೂ ಹಾಗೇ ಅಂದಳು. ಈಗ ತಿಂಗಳಿಗೊಂದು ಭಾನುವಾರ ಜಡಿಗೇನಹಳ್ಳಿಗೆ ಹೋಗಿ ಬಾಗಿಲು ತೆಗೆದು ಕಸ ಗುಡಿಸುವವನು ನಾನು. ಮಧ್ಯಾಹ್ನ ಎರಡರವರೆಗೂ ಜಗಲಿಯ ಮೇಲೆ ಕೂತಿರುತ್ತೇನೆ. ಸೂಲಿಬೆಲೆ ಕಡೆಯಿಂದ ಬಂದವರು ಹೊಸಕೋಟೆಯಲ್ಲಿ ಬದಲಿಸಿ ಹತ್ತುವ ಬಸ್ಸು ಹನ್ನೊಂದಕ್ಕೊಂದು, ಒಂದೂವರೆಗೊಂದು ಬರುತ್ತದೆ. ಎರಡೂ ಬಂದು ಹೋಗುತ್ತವೆ. ಅಕ್ಕ ಇನ್ನೂ ಬಂದಿಲ್ಲ.